ಪದೇ ಪದೇ ಮುಚ್ಚಿಕೊಳ್ಳುವ ಡೇಟಾಬೇಸ್

1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ಡೆಸ್ಕ್‌ಟಾಪ್ ಡೇಟಾಬೇಸ್ ಕೋಷ್ಟಕ, ಸೂಚಿ, ಫಾರಂ, ವರದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಬಲ್ಲದು. ಸಂಡೂರಿನ ಅದಿರು ಲಾರಿಗಳ ತೂಕದ ಚೀಟಿ, ಕಂಪ್ಲಿಯ ಅಕ್ಕಿ ಗಿರಣಿಯ ಭತ್ತದ ಲೆಕ್ಕ, ಹಂಪಿ ನೋಡಲು ಬಂದು ಹೊಸಪೇಟೆಯ ಲಾಡ್ಜಿನಲ್ಲಿ ಇಳಿದವರ ಪಟ್ಟಿ, ಇಂಥವಕ್ಕೆಲ್ಲ ಅದು ಸಾಕು. ಆದರೆ ಆ ಒಂದು ಫೈಲಿಗೆ ಪೆಟ್ಟು ಬಿದ್ದರೆ ಕೆಲಸವೆಲ್ಲ ನಿಲ್ಲುತ್ತದೆ.

ಫೈಲಿನೊಳಗೆ ಮಾಹಿತಿ 4096 ಬೈಟ್‌ಗಳ ಪುಟಗಳಲ್ಲಿ ಕೂತಿರುತ್ತದೆ. ಹೊಸ ಚೀಟಿ ಸೇರಿಸಿದಾಗ ದಾಖಲೆಯ ಪುಟದ ಜೊತೆಗೆ ಸೂಚಿಯ ಪುಟವೂ ಬದಲಾಗಬೇಕು. ಒಂದನ್ನು ಬರೆದು ಇನ್ನೊಂದನ್ನು ಬರೆಯುವಷ್ಟರಲ್ಲಿ ಕರೆಂಟ್ ಹೋದರೆ, ಅಥವಾ ಒಂದೇ ಫೈಲನ್ನು ಹಲವು ಕಂಪ್ಯೂಟರುಗಳಿಂದ ಬಳಸುವಾಗ ವೈಫೈ ಕಡಿದರೆ, ಎರಡಕ್ಕೂ ತಾಳೆ ತಪ್ಪುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಂಥವು ಪ್ರತಿ ಬದಲಾವಣೆಯನ್ನು ಮೊದಲು ಲಾಗ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ ಮತ್ತೆ ಶುರುವಾದಾಗ ತಾವೇ ಸರಿಮಾಡಿಕೊಳ್ಳುತ್ತವೆ. ಆಕ್ಸೆಸ್‌ಗೆ ಆ ರಕ್ಷಣೆಯಿಲ್ಲ.

ದೋಷ ಹುಡುಕುವ ಮೊದಲು ಎಲ್ಲರೂ ಪ್ರೋಗ್ರಾಂ ಮುಚ್ಚಬೇಕು, ಫೈಲಿನ ನಕಲು ತೆಗೆದಿಡಬೇಕು. ಈ ಹೆಜ್ಜೆಯನ್ನು ಯಾವ ಅವಸರದಲ್ಲೂ ಬಿಡಬಾರದು. ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಆಜ್ಞೆ ಹೊಸ ಫೈಲು ಕಟ್ಟುವಾಗ ಓದಲಾಗದ ದಾಖಲೆಗಳು ಕೈಬಿಟ್ಟು ಹೋಗಬಹುದು. ನಕಲಿಲ್ಲದಿದ್ದರೆ ಅವು ಹೋದವೆಂದೇ ಲೆಕ್ಕ. ಯಾರಾದರೂ ಫೈಲು ತೆರೆದಾಗ ಪಕ್ಕದಲ್ಲೇ ಅದೇ ಹೆಸರಿನ ಪುಟ್ಟ ಲಾಕ್ ಫೈಲು ಹುಟ್ಟುತ್ತದೆ, ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಎಲ್ಲರೂ ಹೊರಬಂದ ಮೇಲೂ ಅದು ಉಳಿದಿದ್ದರೆ, ಯಾವುದೋ ಕಂಪ್ಯೂಟರ್ ಅರ್ಧಕ್ಕೇ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು.

ಆಮೇಲೆ ಗಮನಿಸಬೇಕಾದ್ದು ತೊಂದರೆಯ ಚಾಳಿಯನ್ನು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ದಾಖಲೆಯ ಬಳಿ ಮುಚ್ಚಿಕೊಂಡರೆ ಕೋಷ್ಟಕವೇ ಕೆಟ್ಟಿದೆ. ಒಂದು ಫಾರಂ ತೆರೆದಾಗ ಮಾತ್ರ ಹೀಗಾದರೆ ಆ ಫಾರಮ್ಮನ್ನೋ ಅದರ ಕೋಡನ್ನೋ ಶಂಕಿಸಬೇಕು. ಖಾಲಿ ಫೈಲೊಂದಕ್ಕೆ ಎಲ್ಲವನ್ನೂ ಇಂಪೋರ್ಟ್ ಮಾಡಿಕೊಂಡರೆ ಎಷ್ಟೋ ಸಲ ಗುಣವಾಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸಿಕೊಂಡರೆ ದೋಷ ಅಲ್ಲಿಯದು: ಪ್ರಿಂಟರ್ ಡ್ರೈವರ್, ಆಫೀಸ್ ಅಪ್‌ಡೇಟ್, ಸವೆದ ಡಿಸ್ಕ್. ವಿಂಡೋಸ್‌ನ ‘ಈವೆಂಟ್ ವ್ಯೂವರ್’ನಲ್ಲಿ ಯಾವ ಕಡತದ ಬಳಿ ಎಡವಿತು ಎಂಬ ಹೆಸರು ಸಿಗುತ್ತದೆ.

ಗಾತ್ರವನ್ನೂ ನೋಡಬೇಕು. ಮಿತಿ 2 ಜಿಬಿ. ಅಳಿಸಿದ ದಾಖಲೆಯ ಜಾಗ ಕಾಂಪ್ಯಾಕ್ಟ್ ಮಾಡುವವರೆಗೆ ಫೈಲನ್ನು ಕಿರಿದಾಗಿಸುವುದಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ವಿಳಾಸಗಳಲ್ಲಿ ಜಿಲ್ಲೆಯ ಹೆಸರು ಬದಲಾಯಿತು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಸಾವಿರಾರು ವಿಳಾಸಗಳನ್ನು ಹೀಗೆ ಒಟ್ಟಿಗೇ ತಿದ್ದಿದಾಗಲೂ ಫೈಲು ಉಬ್ಬುತ್ತದೆ.

ಮತ್ತೆ ಮರುಕಳಿಸದಿರಲು ಕೋಷ್ಟಕಗಳನ್ನು ಬೇರೆ ಫೈಲಿನಲ್ಲಿಟ್ಟು, ಫಾರಂ ಮತ್ತು ವರದಿಗಳ ಪ್ರತಿಯನ್ನು ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕವಾಗಿ ಕೊಡಬೇಕು. ಸಂಪರ್ಕಕ್ಕೆ ವೈಫೈ ಬಿಟ್ಟು ಕೇಬಲ್ ಎಳೆಯಬೇಕು. ಕಂಪ್ಯೂಟರಿಗೆ ಮಾತ್ರವಲ್ಲ, ನಡುವಿನ ಸ್ವಿಚ್ಚಿಗೂ ಯುಪಿಎಸ್ ಬೇಕು. ಇಷ್ಟಾದರೂ ಫೈಲು ಕೆಡುತ್ತಿದ್ದರೆ ಕೋಷ್ಟಕಗಳನ್ನು ಸರ್ವರ್ ಡೇಟಾಬೇಸ್‌ಗೆ ಸಾಗಿಸಿ, ಹಳೆಯ ಫಾರಂಗಳನ್ನೇ ಅದಕ್ಕೆ ಜೋಡಿಸಿ ಬಳಸಬಹುದು.