ಬಂಡೆಯ ಬುಡದಲ್ಲಿ ಅಲೆ

ಮುಂಡರಗಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹೊತ್ತು ನಿಂತಾಗ ಗಾಳಿ ಬೀಸಿದರೆ, ಈ ಬದುವಿನಿಂದ ಆ ಬದುವಿನವರೆಗೆ ಅಲೆಯೊಂದು ಓಡುತ್ತದೆ. ಓಡಿದುದು ಅಲೆ ಮಾತ್ರ. ದಂಟುಗಳು ಬಾಗಿ ಎದ್ದು ತಮ್ಮ ಸಾಲಿನಲ್ಲಿಯೇ ನಿಂತಿರುತ್ತವೆ. ಕಡಲಿನ ಅಲೆಯೂ ಇಂಥದೇ. ಆಳವಾದ ನೀರಿನಲ್ಲಿ ಮುಂದೆ ಸಾಗುವುದು ಚಲನೆ; ನೀರಿನ ಕಣ ಒಂದು ಸುತ್ತು ತಿರುಗಿ ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಹುಬ್ಬಳ್ಳಿ, ಅಂಕೋಲೆಯ ದಾರಿಯಾಗಿ ಗೋಕರ್ಣಕ್ಕೆ ಹೋದವರು ಮಹಾಬಲೇಶ್ವರನ ದರ್ಶನ ಮುಗಿಸಿ ಓಂ ಬೀಚಿಗೂ ಇಳಿಯುವುದುಂಟು. ಅಲ್ಲಿ ಎರಡು ಅರ್ಧಚಂದ್ರಾಕಾರದ ಮರಳದಂಡೆಗಳು. ನಡುವೆ ಕಡಲಿಗೆ ಚಾಚಿದ ಬಂಡೆಗಳು. ಮರಳಿನ ಬಳಿ ಸೌಮ್ಯವಾದ ಅಲೆ ಬಂಡೆಯ ಬಳಿ ಉಗ್ರವಾಗುವುದೇಕೆ?

ಎಂಟು ಸೆಕೆಂಡಿಗೊಂದರಂತೆ ಬರುವ ಅಲೆಗಳನ್ನು ತೆಗೆದುಕೊಳ್ಳೋಣ. ಆಳದ ನೀರಿನಲ್ಲಿ ಒಂದರ ನೆತ್ತಿಯಿಂದ ಮತ್ತೊಂದರ ನೆತ್ತಿಗೆ ಸುಮಾರು ೧೦೦ ಮೀಟರು. ವೇಗ ಗಂಟೆಗೆ ೪೫ ಕಿಲೋಮೀಟರು. ಆಳ ಈ ಅಂತರದ ಅರ್ಧಕ್ಕಿಂತ, ಎಂದರೆ ೫೦ ಮೀಟರಿಗಿಂತ, ಕಡಿಮೆಯಾದೊಡನೆ ಅಲೆಗೆ ತಳ ತಾಕಿ, ನಡೆ ಕುಂಠಿತವಾಗತೊಡಗುತ್ತದೆ. ಚಾಚಿದ ಬಂಡೆಯ ಮುಂದೆ ತಳ ಮೊದಲೇ ಮೇಲೆದ್ದಿರುವುದರಿಂದ ಅಲ್ಲಿಯ ಭಾಗ ಹಿಂದುಳಿಯುತ್ತದೆ. ಇಕ್ಕೆಲದ ಭಾಗ ಮುಂದೋಡುತ್ತದೆ. ಹೀಗೆ ಅಲೆಯ ಸಾಲು ಬಾಗಿ, ಬಂಡೆಯನ್ನು ಮೂರು ಕಡೆಯಿಂದ ಮುತ್ತುತ್ತದೆ. ಕೊಲ್ಲಿಯಲ್ಲಿ ಹರಡಿಹೋಗುವ ಶಕ್ತಿ ಇಲ್ಲಿ ಒಟ್ಟುಗೂಡುತ್ತದೆ. ವಿನೋದವೆಂದರೆ, ಛಾಯಾಚಿತ್ರಕ್ಕೆಂದು ಜನ ಹತ್ತುವುದೂ ಇಲ್ಲಿಯೇ.

ಇಳಿಜಾರಾದ ಮರಳಿನ ಮೇಲೆ ಅಲೆ ಒಡೆದು, ನೊರೆಯಾಗಿ ಬಲಗುಂದುತ್ತದೆ. ಕಡಿದಾದ ಬಂಡೆಯ ಬುಡದಲ್ಲಿ ನೀರು ಆಳವಾಗಿದ್ದರೆ ಅದು ಒಡೆಯದೆಯೇ ಹಿಂದಿರುಗಬಹುದು. ಹಿಂದಿರುಗುವ ಅಲೆಯ ನೆತ್ತಿ ಬರುವ ಅಲೆಯ ನೆತ್ತಿಯನ್ನು ಕೂಡಿದಲ್ಲಿ ನೀರು ಹೆಚ್ಚುಕಡಿಮೆ ಇಮ್ಮಡಿ ಎತ್ತರಕ್ಕೇಳುತ್ತದೆ. ನೊರೆಯಿಲ್ಲ, ಮೊರೆತವಿಲ್ಲ, ನೋಡುವವರಿಗೆ ಕಡಲು ಶಾಂತವಾಗಿಯೇ ಕಾಣುತ್ತದೆ!

ಅಲೆಗಳೆಲ್ಲ ಸಮನಾಗಿಯೂ ಇರುವುದಿಲ್ಲ. ಬೇರೆ ಬೇರೆ ಉದ್ದದವು ಒಂದರ ಮೇಲೊಂದು ಕೂಡುವುದರಿಂದ, ಹಲವು ಸಣ್ಣ ಅಲೆಗಳ ಬೆನ್ನಿಗೆ ಕೆಲವು ದೊಡ್ಡವು ಬರುತ್ತವೆ. ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರು ದಾಟಿ, ಗಾಳಿಯಿಲ್ಲದ ದಿನದಂದೂ ನಮ್ಮ ದಡ ಮುಟ್ಟಬಲ್ಲದು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡಿಗರಿಗೆ ಅನುವಾದ ಬೇಕಿಲ್ಲ. ಇಂಥ ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪ್ರಕಟಿಸುತ್ತದೆ.

ಗೋಕರ್ಣದ ಬಂಡೆಗಳಿಂದ ಪ್ರವಾಸಿಗರು ಅಲೆಯ ಪಾಲಾದದ್ದುಂಟು. ಹತ್ತು ನಿಮಿಷ ಒಣಗಿದ್ದ ಬಂಡೆ ಹನ್ನೊಂದನೆಯ ನಿಮಿಷದಲ್ಲಿ ನೀರಿನಡಿ ಇರಬಹುದು. ಪಾಚಿ, ಚಿಪ್ಪುಗಳು ಅಂಟಿಕೊಂಡ ಕಪ್ಪು ಪಟ್ಟೆಯವರೆಗೆ ಕಡಲು ದಿನವೂ ಬಂದುಹೋಗುತ್ತದೆ. ದೊಡ್ಡ ಅಲೆ ಏರುವುದು ಅದಕ್ಕೂ ಎಷ್ಟೋ ಮೇಲಕ್ಕೆ.