ಅಧ್ಯಾಯ 5: ನೀರು ಎಷ್ಟು ದಿನ ನಿಂತಿತು?

ಪಾತ್ರದಲ್ಲಿ ಹಿಡಿಸಲಾರದಷ್ಟು ನೀರು ಬಂದು ನದಿ ದಡ ಮೀರಿದರೆ ಅದು ಪ್ರವಾಹ. ಬೆಳಗಾವಿ, ಬಾಗಲಕೋಟೆಯ ಕಡೆ ‘ಹೊಳಿ ಬಂತು’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಕೊನೆಯ ಲೆಕ್ಕವೊಂದು ನೆನಪಿದ್ದರೆ ಮಳೆಗಾಲದ ಪತ್ರಿಕೆಗಳ ಮುಕ್ಕಾಲು ಅಂಕಿಗಳು ಅಂಜಿಸುವುದಿಲ್ಲ.

ಈ ಅಧ್ಯಾಯದ ಉದಾಹರಣೆ ಕೃಷ್ಣೆ. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ಮಹಾಪೂರ ಬರುವುದು ಅಲ್ಲಿ ಸುರಿದ ಮಳೆಯಿಂದಲ್ಲ. ಅಥಣಿಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿ.ಮೀ. ದಾಟುತ್ತದೆ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗಾ ಸೇರಿಕೊಂಡು, ಎಲ್ಲವೂ ಘಟ್ಟದ ಮಳೆಯನ್ನು ಬಯಲಿಗೆ ತಂದು ಹಾಕುತ್ತವೆ. ಘಟ್ಟದಿಂದ ಧುಮುಕಿ ಬಂದ ನದಿ ಸಾಂಗಲಿ ದಾಟಿದ ಮೇಲೆ ಬಹುತೇಕ ಸಪಾಟಾದ ನೆಲದಲ್ಲಿ ತೆವಳುತ್ತದೆ. ಮೇಲೆ ಬಿಸಿಲು ಕಾಯುತ್ತಿರುವಾಗಲೇ ಕಲ್ಲೋಳ–ಯಡೂರ ಬಾಂದಾರ ಮುಳುಗುವುದು ಇದೇ ಕಾರಣಕ್ಕೆ.

ಅಣೆಕಟ್ಟುಗಳ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಡ್ಯಾಮಿನವರು ನೀರು ಬಿಟ್ಟರು, ಊರು ಮುಳುಗಿತು’ ಎಂಬ ಸಿಟ್ಟಿನಲ್ಲಿ ಕೆಲವೊಮ್ಮೆ ನಿಜವಿರುತ್ತದೆ. ಜಲಾಶಯವನ್ನು ಮೊದಲೇ ತುಂಬಿಸಿಟ್ಟುಕೊಂಡು ತಡವಾಗಿ ಬಾಗಿಲು ತೆರೆದರೆ ಕೆಳಗಿನವರ ಪಾಡು ಕೆಡುತ್ತದೆ. ಆದರೆ 2019ರ ಆಗಸ್ಟ್‌ನಂಥ ಮಹಾಪೂರವನ್ನು ಹಿಡಿದಿಡುವ ಶಕ್ತಿ ಇಲ್ಲಿನ ಯಾವ ಅಣೆಕಟ್ಟಿಗೂ ಇಲ್ಲ. ಆಗ ಕೃಷ್ಣೆಯ ಕೆಳಹರಿವಿನ ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಹೋಯಿತು. ಆಲಮಟ್ಟಿಯ ಸಾಮರ್ಥ್ಯ ಸುಮಾರು 123 ಟಿಎಂಸಿ. ಮೇಲಿನ ಲೆಕ್ಕ ಹಾಕಿನೋಡಿ: ಜಲಾಶಯ ಪೂರ್ತಿ ಬರಿದಾಗಿದ್ದರೂ ಆ ಹರಿವಿಗೆ ಮೂರು ದಿನದೊಳಗೆ ತುಂಬಿಬಿಡುತ್ತಿತ್ತು. ಸಾಂಗಲಿ, ಕೊಲ್ಹಾಪುರ ಮುಳುಗಿದ್ದು ಆಲಮಟ್ಟಿಯ ಹಿನ್ನೀರಿನಿಂದ ಎಂಬ ದೂರು ಆಗ ಜೋರಾಗಿತ್ತು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ ಅದನ್ನು ಒಪ್ಪಲಿಲ್ಲ.

ಈಗ ಹೊಲಕ್ಕೆ ಬರೋಣ. ಮಹಾಪೂರದ ಸುದ್ದಿಯೆಲ್ಲ ಅಡಿಗಳ ಲೆಕ್ಕದಲ್ಲಿ ಬರುತ್ತದೆ. ಸಾಂಗಲಿಯ ಇರ್ವಿನ್ ಸೇತುವೆಯ ಬಳಿ 45 ಅಡಿ ಅಪಾಯದ ಮಟ್ಟ, 2019ರಲ್ಲಿ ನೀರು 57 ಅಡಿ ಮೀರಿತು, ಹೀಗೆ. ಜೀವ ಉಳಿಸಲು, ಊರು ಖಾಲಿ ಮಾಡಿಸಲು ಈ ಲೆಕ್ಕ ಬೇಕೇ ಬೇಕು. ಆದರೆ ಬೆಳೆಯ ಲೆಕ್ಕ ಬೇರೆ. ಮೊಣಕಾಲುದ್ದದ ನೀರು ಎಂಟು ದಿನ ನಿಂತ ಹೊಲ, ಎದೆಮಟ್ಟದ ನೀರು ಒಂದೇ ದಿನದಲ್ಲಿ ಇಳಿದುಹೋದ ಹೊಲಕ್ಕಿಂತ ಹೆಚ್ಚು ಹಾಳಾಗಿರಬಹುದು. ರೈತನ ಮಟ್ಟಿಗೆ ಮಹಾಪೂರವನ್ನು ಅಳೆಯುವುದು ದಿನಗಳಲ್ಲಿ. ಹೀಗೇಕೆ ಎಂಬುದು ಬೇರಿನ ಬಳಿ ಕೂತರೆ ತಿಳಿಯುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂರಲೇಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ.

‘ನೀರು ಹೆಚ್ಚಾಗಿ ಬೇರು ಕೊಳೆತು ಬೆಳೆ ಸತ್ತಿತು’ ಎನ್ನುತ್ತೇವೆ. ಕೊಳೆಯುವುದು ಆಮೇಲಿನ ಮಾತು. ಮೊದಲು ಆಗುವುದು ಉಸಿರುಗಟ್ಟುವಿಕೆ. ಬೇರೂ ಉಸಿರಾಡುತ್ತದೆ. ಎಲೆ ತಯಾರಿಸಿ ಕಳಿಸಿದ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಉರಿಸಿ ಶಕ್ತಿ ಪಡೆಯುತ್ತದೆ. ಹದವಾದ ಮಣ್ಣಿನ ಕಣಗಳ ನಡುವೆ ನೀರಿನ ಜೊತೆಗೆ ಗಾಳಿಯೂ ಇರುತ್ತದೆ. ಮಹಾಪೂರ ಬಂದಾಗ ಆ ಸಂದುಗಳಲ್ಲೆಲ್ಲ ನೀರು ತುಂಬಿ ಗಾಳಿ ಹೊರಬೀಳುತ್ತದೆ.

ಇಲ್ಲಿ ತಪ್ಪದೆ ಎರಡು ಪ್ರಶ್ನೆ ಬರುತ್ತವೆ. ನೀರಿನಲ್ಲೇ ಆಮ್ಲಜನಕ ಇದೆಯಲ್ಲ? ಇದೆ, ಆದರೆ ನೀರಿನ ಅಣುವಿನಲ್ಲಿ ಬೆಸೆದುಕೊಂಡದ್ದು ಬೇರಿನ ಉಸಿರಿಗೆ ಒದಗದು, ಕರಗಿರುವುದು ಮಾತ್ರ ಒದಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು 8 ಮಿಲಿಗ್ರಾಂನಷ್ಟು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಇರುತ್ತದೆ. ಸಾಲದ್ದಕ್ಕೆ, ನಿಂತ ನೀರಿನಲ್ಲಿ ಆಮ್ಲಜನಕ ಒಂದೆಡೆಯಿಂದ ಇನ್ನೊಂದೆಡೆಗೆ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದೇ ಆಮ್ಲಜನಕ ಬೇಕು. ಹಾಗಾಗಿ ಇದ್ದಬದ್ದದ್ದು ಒಂದೆರಡು ದಿನದಲ್ಲೇ ತೀರಿಹೋಗುತ್ತದೆ, ಮೇಲಿನಿಂದ ಹೊಸದು ಇಳಿಯುವುದಿಲ್ಲ. ಎರಡನೆಯ ಪ್ರಶ್ನೆ: ಎಲೆ ತಾನೇ ಆಮ್ಲಜನಕ ತಯಾರಿಸುತ್ತದೆ, ಅದನ್ನು ಬೇರಿಗೆ ಕಳಿಸಬಾರದೇ? ಭತ್ತ ಕಳಿಸುತ್ತದೆ. ಅದರ ಕಾಂಡದಲ್ಲೂ ಬೇರಿನಲ್ಲೂ ಗಾಳಿಯ ಕೊಳವೆಗಳಿವೆ. ಗೋವಿನಜೋಳ, ಸೋಯಾ, ಹೆಸರು, ಅರಿಶಿನದಂಥ ಒಣನೆಲದ ಬೆಳೆಗಳಲ್ಲಿ ಬೇಕಾದಷ್ಟು ಕೊಳವೆಗಳಿರುವುದಿಲ್ಲ.

ಉಸಿರುಗಟ್ಟಿದ ಬೇರು ತಕ್ಷಣ ಸಾಯುವುದಿಲ್ಲ. ಆಮ್ಲಜನಕವಿಲ್ಲದೆಯೇ ಸಕ್ಕರೆ ಒಡೆಯುವ ಹಳೆಯ ದಾರಿಯನ್ನು ಹಿಡಿಯುತ್ತದೆ. ಆದರೆ ಅದು ತುಂಬ ದುಬಾರಿ ದಾರಿ. ಒಂದು ಅಣು ಗ್ಲೂಕೋಸಿನಿಂದ 30ರಷ್ಟು ಸಿಗಬೇಕಾದ ಶಕ್ತಿಯ ಬಿಲ್ಲೆಗಳು ಇಲ್ಲಿ ಎರಡೇ ಸಿಗುತ್ತವೆ, ಜೊತೆಗೆ ಮದ್ಯಸಾರ ಉಳಿಯುತ್ತದೆ. ಶಕ್ತಿ ಕುಂದಿದ ಬೇರು ನೀರು ಒಳಬಿಡುವ ಬಾಗಿಲುಗಳನ್ನೇ ಮುಚ್ಚಿಕೊಳ್ಳುತ್ತದೆ. ಇದರಿಂದಲೇ, ಮೊಣಕಾಲು ನೀರಿನಲ್ಲಿ ನಿಂತ ಗೋವಿನಜೋಳ ನೀರಿಲ್ಲದ ಬೆಳೆಯ ಹಾಗೆ ಬಾಡಿ ಜೋತುಬೀಳುವುದು! ಸಸ್ಯಲೋಕದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ನನಗಂತೂ ಗೊತ್ತಿಲ್ಲ.

ಅಷ್ಟರಲ್ಲಿ ಮಣ್ಣಿನ ರಸಾಯನವೂ ತಿರುಗಿಬೀಳುತ್ತದೆ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿಕೊಂಡು ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಟ್ಟುಬಿಡುತ್ತವೆ. ರೈತ ಸಾಲ ಮಾಡಿ ತಂದು ಹಾಕಿದ ಯೂರಿಯಾದ ಒಂದು ಪಾಲು ಹೀಗೆ ಕಾಣದಂತೆ ಹಾರಿಹೋಗುತ್ತದೆ, ಬೆಳೆ ಹಳದಿಯಾಗುತ್ತದೆ. ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಗಂಧಕದ ಸರದಿ. ನೀರಿಳಿದ ಹೊಲದಲ್ಲಿ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಕೊನೆಯ ಹಂತದ ಗುರುತು. ಆ ವಾಸನೆ ಬಂದ ಹೊಲದಲ್ಲಿ ನೀರು ಬಹಳ ದಿನ ನಿಂತಿತ್ತು ಎಂದು ಯಾವ ದಾಖಲೆಯೂ ಇಲ್ಲದೆ ಹೇಳಬಹುದು.

ಯಾವ ಬೆಳೆ ಎಷ್ಟು ದಿನ ತಡೆಯುತ್ತದೆ? ಆರೆಲೆಯ ಹಂತಕ್ಕೆ ಮುಂಚೆ ಗೋವಿನಜೋಳದ ಬೆಳೆಯುವ ತುದಿ ನೆಲದೊಳಗೇ ಇರುತ್ತದೆ, ಆಗ ಮುಳುಗಿದರೆ ಎರಡರಿಂದ ನಾಲ್ಕು ದಿನ. ಅರಿಶಿನದ ಗಡ್ಡೆಗೆ ಉಸಿರುಗಟ್ಟಿದ ಬೆನ್ನಲ್ಲೇ ಕೊಳೆರೋಗದ ಶಿಲೀಂಧ್ರ ಹತ್ತುತ್ತದೆ. ಕಬ್ಬು ಗಟ್ಟಿ ಜೀವ. ಹೊಳೆದಂಡೆಯವರು ಕಬ್ಬನ್ನೇ ನಂಬಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ನೀರು ನಿಂತರೆ ಕಬ್ಬು ನೀರಿನೊಳಗಿನ ಗಣ್ಣುಗಳಲ್ಲಿ ಹೊಸ ಬಿಳಿ ಬೇರು ಬಿಡುತ್ತದೆ, ಆ ಬೇರುಗಳಲ್ಲಿ ಗಾಳಿಯ ಕೊಳವೆಗಳಿರುತ್ತವೆ. ಆದರೆ ಅದರ ಬೆಳೆಯುವ ತುದಿ ಸುಳಿಯಲ್ಲಿದೆ. ಸುಳಿ ಮುಳುಗಿ ಅದರೊಳಗೆ ಕೆಸರುನೀರು ಇಳಿದರೆ ತುದಿ ಸಾಯುತ್ತದೆ. ಆಮೇಲೆ ಪಕ್ಕದ ಕಣ್ಣುಗಳು ಒಡೆಯುತ್ತವೆ. ದೂರದಿಂದ ಹೊಲ ಮತ್ತೆ ಹಸಿರಾಗಿ ಕಾಣುತ್ತದೆ, ಆದರೆ ಹೊಸ ಚಿಗುರು ಬೆಳೆಯುವುದು ಜಲ್ಲೆಯಲ್ಲಿ ಕೂಡಿಟ್ಟ ಸಕ್ಕರೆಯನ್ನು ತಿಂದು. ಜುಲೈ–ಆಗಸ್ಟಿನಲ್ಲಿ ನಾಟಿ ಮಾಡಿದ ಆಡಸಾಲಿ ಕಬ್ಬು, ಇನ್ನೂ ಎಳೆಯದಾದ ಕುಳೆ ಕಬ್ಬು ಗಿಡ್ಡವಿರುವುದರಿಂದ ಮೊದಲು ಮುಳುಗುವುದೂ ಅವೇ.

ಭತ್ತದ ವಿಷಯ ಬಂದಾಗ ಒಡಿಶಾದ ಎಫ್‌ಆರ್ 13ಎ ಎಂಬ ತಳಿಯ ಹೆಸರು ಹೇಳದೆ ಇರಲಾರೆ. ಪೂರ್ತಿ ಮುಳುಗಿದರೂ ಎರಡು ವಾರದಷ್ಟು ಕಾಲ ಬದುಕುವ ಶಕ್ತಿ ಅದಕ್ಕಿತ್ತು. ಬೇರೆ ಭತ್ತಗಳು ನೀರಿನಿಂದ ತಲೆ ಎತ್ತಲು ಗಡಿಬಿಡಿಯಿಂದ ಬೆಳೆದು ಸುಸ್ತಾಗಿ ಸಾಯುತ್ತವೆ. ಇದು ಬೆಳವಣಿಗೆ ನಿಲ್ಲಿಸಿ, ಸಕ್ಕರೆ ಉಳಿಸಿಕೊಂಡು ಕಾಯುತ್ತದೆ. ಆ ಗುಣದ ಹಿಂದಿರುವ ಸಬ್1ಎ ಜೀನನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. 2009ರ ಹೊತ್ತಿಗೆ ಸ್ವರ್ಣ-ಸಬ್1 ತಳಿ ಭಾರತದ ರೈತರಿಗೆ ಸಿಕ್ಕಿತು. ಹಳ್ಳಿಯ ರೈತರು ಉಳಿಸಿಕೊಂಡು ಬಂದ ಒಂದು ತಳಿಯಿಂದ ಲಕ್ಷಾಂತರ ಹೊಲಗಳು ಬದುಕಿದವು.

ದಿನಗಳ ಲೆಕ್ಕ ಬೆಳೆಯ ಮೇಲಷ್ಟೇ ಅಲ್ಲ, ಹೊಲ ಇರುವ ಜಾಗದ ಮೇಲೂ ನಿಂತಿದೆ. ಹೊಳೆಗೆ ಹತ್ತಿರದ ಹೊಲವೇ ಹೆಚ್ಚು ದಿನ ಮುಳುಗಿರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ಎಷ್ಟೋ ಕಡೆ ತದ್ವಿರುದ್ಧ. ದಡ ಮೀರಿದ ನೀರಿನ ವೇಗ ಅಲ್ಲೇ ಕುಗ್ಗುವುದರಿಂದ ಭಾರದ ಮರಳು ದಡದ ಬಳಿ ಬೀಳುತ್ತದೆ, ನುಣ್ಣನೆಯ ಗೋಡು ಒಳಗಿನ ತಗ್ಗಿನವರೆಗೂ ಹೋಗುತ್ತದೆ. ಶತಮಾನಗಳಿಂದ ಹೀಗಾಗಿ ದಡ ಎತ್ತರ, ಒಳನೆಲ ತಗ್ಗು. ಹೊಳೆ ಏರಿದಾಗ ಅದನ್ನು ಸೇರುವ ಹಳ್ಳಗಳು ಹಿಮ್ಮುಖವಾಗಿ ತುಂಬಿಕೊಂಡು, ದಂಡೆಯಿಂದ ದೂರದ ಎರೆಹೊಲಗಳಿಗೆ ಹಿಂದಿನಿಂದ ನುಗ್ಗುತ್ತವೆ. ಹೊಳೆ ಇಳಿದ ಮೇಲೂ ಅಲ್ಲಿನ ನೀರು ಹಳ್ಳದ ಇಕ್ಕಟ್ಟಾದ ಬಾಯಿಯಿಂದಲೇ ಹೊರಹೋಗಬೇಕು. ಹಳ್ಳ ಒತ್ತುವರಿಯಾಗಿದ್ದರೆ, ಅಡ್ಡಲಾಗಿ ಏರಿಸಿದ ರಸ್ತೆಗೆ ಸಣ್ಣ ಪೈಪು ಹಾಕಿದ್ದರೆ, ಎರಡು ದಿನದ ನೀರು ಎಂಟು ದಿನ ನಿಲ್ಲುತ್ತದೆ. ಮಳೆಯನ್ನು ನಾವು ತಡೆಯಲಾರೆವು. ಈ ಆರು ದಿನಗಳನ್ನು ಕಡಿಮೆ ಮಾಡುವುದು ಮಾತ್ರ ತಾಲ್ಲೂಕು ಮಟ್ಟದಲ್ಲೇ ಆಗಬಲ್ಲ ಕೆಲಸ. ಹಳ್ಳದ ಬಾಯಿ ಬಿಡಿಸುವುದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ.

‘ಹೊಳೆ ಬಂದರೆ ಭೂಮಿ ಹೊಸದಾಗುತ್ತದೆ’ ಎಂಬ ನಂಬಿಕೆಗೂ ಮರಳು, ಗೋಡು ಬೀಳುವ ಈ ರೀತಿಯಲ್ಲೇ ಉತ್ತರವಿದೆ. ಗೋಡು ತೆಳುವಾಗಿ ಕೂತ ಹೊಲಕ್ಕೆ ಲಾಭವುಂಟು. ಮರಳು ಬಿದ್ದ ಹೊಲಕ್ಕೆ ಅದು ಶಿಕ್ಷೆ. ಹೂಳು ತೆಗೆಯಲು ಪರಿಹಾರ ಕೊಡುವ ಸರ್ಕಾರಿ ನಿಯಮ ಮೂರು ಇಂಚಿಗಿಂತ ದಪ್ಪ ಕೂತಿರಬೇಕು ಎನ್ನುತ್ತದೆ, ಕೂತದ್ದು ಎಂಥದ್ದು ಎಂದು ಕೇಳುವುದಿಲ್ಲ.

ನೀರಿಳಿದ ಮರುವರ್ಷದ ಕಥೆ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅಮೆರಿಕದಲ್ಲಿ 1993ರ ಮಿಸಿಸಿಪ್ಪಿ ಮಹಾಪೂರದ ನಂತರ, ಬೆಳೆಯಿಲ್ಲದೆ ಖಾಲಿ ಬಿದ್ದ ಹೊಲಗಳಲ್ಲಿ ಮರುವರ್ಷ ಬಿತ್ತಿದ ಗೋವಿನಜೋಳ ಕುಳ್ಳಾಗಿ, ಎಲೆ ನೇರಳೆ ಬಣ್ಣಕ್ಕೆ ತಿರುಗಿ ನಿಂತಿತು. ಮಣ್ಣಿನಲ್ಲಿ ರಂಜಕವಿದ್ದರೂ ಬೆಳೆಗೆ ಸಿಗುತ್ತಿರಲಿಲ್ಲ. ಬೇರಿಗೆ ರಂಜಕ ತಂದುಕೊಡುವ ಮೈಕೋರೈಜಾ ಶಿಲೀಂಧ್ರಗಳು ಜೀವಂತ ಬೇರಿಲ್ಲದೆ ಬಾಳಲಾರವು. ಆಸರೆ ಸಿಗದೆ ಅವು ಕ್ಷೀಣಿಸಿದ್ದವು. ಅಂದರೆ, ನೀರಿಳಿದು ಹದ ಬಂದ ಮೇಲೆ ಹೊಲವನ್ನು ಬರಿದಾಗಿ ಬಿಡದೆ ಜೋಳವನ್ನೋ ಯಾವುದಾದರೂ ದ್ವಿದಳವನ್ನೋ ಚೆಲ್ಲುವುದು ಒಳ್ಳೆಯದು. ಹದ ಬರುವ ಮುಂಚೆ ಮಾತ್ರ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿಸಬಾರದು. ಹಸಿ ಎರೆ ಒತ್ತಿಕೊಂಡರೆ ಮಣ್ಣಿನ ಸಂದುಗಳು ಮತ್ತೆ ಮುಚ್ಚಿ ಬೇರಿಗೆ ಎರಡನೆಯ ಸಲ ಉಸಿರುಗಟ್ಟುತ್ತದೆ.

ಇಷ್ಟು ತಿಳಿದ ಮೇಲೆ ಪರಿಹಾರದ ಪದ್ಧತಿಯನ್ನು ನೋಡಿದರೆ ಸಂಕಟವಾಗುತ್ತದೆ. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ದರೆ, ಗರಿಷ್ಠ 2 ಹೆಕ್ಟೇರಿಗೆ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ ಎಂದು ಕೇಂದ್ರದ ನಿಯಮ 2022ರಲ್ಲಿ ನಿಗದಿ ಮಾಡಿತು. ಮೊತ್ತ ಸಾಲದು ಎಂಬುದು ಎಲ್ಲರೂ ಹೇಳುವ ಮಾತು. ನನ್ನ ತಕರಾರು ಸಮೀಕ್ಷೆ ನಡೆಯುವ ಹೊತ್ತಿನ ಬಗ್ಗೆ. ನೀರಿಳಿದ ಕೆಲವೇ ದಿನಗಳಲ್ಲಿ ಸಮೀಕ್ಷೆಗೆ ಬಂದವರಿಗೆ ಸತ್ತ ಸೋಯಾ ಕಾಣುತ್ತದೆ, ನಿಂತ ಕಬ್ಬು ಹಸಿರಾಗಿಯೇ ಕಾಣುತ್ತದೆ. ಅದರ ನಷ್ಟ ಗೊತ್ತಾಗುವುದು ತಿಂಗಳುಗಳ ಮೇಲೆ, ಕಾರ್ಖಾನೆಯ ತೂಕದ ಕಟ್ಟೆಯಲ್ಲಿ. ಅಷ್ಟು ಹೊತ್ತಿಗೆ ಉತಾರ, ಆಧಾರ್ ಕೊಟ್ಟು ಅರ್ಜಿ ಹಾಕುವ ಅವಧಿ ಮುಗಿದಿರುತ್ತದೆ.

ಅಧ್ಯಾಯದ ಕೊನೆಯಲ್ಲಿ ಓದುಗರ ಮುಂದೆ ಒಂದು ಕೋರಿಕೆ ಇಡುತ್ತೇನೆ. ಅಣೆಕಟ್ಟಿನ ಪ್ರತಿ ಗಂಟೆಯ ಅಂಕಿ ನಮ್ಮಲ್ಲಿದೆ. ಹೊಲದಲ್ಲಿ ನೀರು ಯಾವ ದಿನ ಬಂದು ಯಾವ ದಿನ ಹೋಯಿತು ಎಂಬ ಬರಹವೂ ಇರಲಿ. ಹೊಳೆದಂಡೆಯ ಪ್ರೌಢಶಾಲೆಗಳ ಮಕ್ಕಳು ತಮ್ಮ ತಮ್ಮ ಹೊಲದಲ್ಲಿ ಅಳತೆಯ ಗೆರೆ ಹಾಕಿದ ಗೂಟ ನೆಟ್ಟು, ಸುರಕ್ಷಿತ ದೂರದಿಂದ ನೋಡಿ, ಸರ್ವೆ ನಂಬರು, ಬೆಳೆ, ಬೆಳೆಯ ವಯಸ್ಸು, ನೀರು ಬಂದ ದಿನ, ಹೋದ ದಿನ ಎಂದು ಬರೆದಿಡಬಹುದು. ಇಳುವರಿಯ ಅಂಕಿಗಾಗಿ ಹೊಸ ಖರ್ಚಿಲ್ಲ: ಕಬ್ಬಿನ ಪ್ರತಿ ಗಾಡಿಯ ತೂಕದ ಚೀಟಿ ರೈತನ ಮನೆಯಲ್ಲೂ ಕಾರ್ಖಾನೆಯ ಕಡತದಲ್ಲೂ ಇರುತ್ತದೆ. ಈ ಎರಡು ಪಟ್ಟಿಗಳನ್ನು ಕೂಡಿಸಿದರೆ, ಎಷ್ಟು ದಿನ ಮುಳುಗಿದ ಎಷ್ಟು ತಿಂಗಳ ಕಬ್ಬು ಎಷ್ಟು ಟನ್ ಕಳೆದುಕೊಳ್ಳುತ್ತದೆ ಎಂಬ ಕೋಷ್ಟಕ ನಮ್ಮದೇ ನೆಲದ, ನಮ್ಮದೇ ತಳಿಗಳ ಲೆಕ್ಕದಲ್ಲಿ ಸಿದ್ಧವಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಸಿ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿ ಈ ಪುಟ ಓದುತ್ತಿದ್ದರೆ, ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಿ. ಬೆಳೆಹಾನಿಯನ್ನು ಮುಳುಗಿದ ದಿನಗಳ ಆಧಾರದ ಮೇಲೆ ಅಂದಾಜು ಮಾಡಿ ಎಂದು ರೈತರು ಕೇಳುವಾಗ ಅವರ ಕೈಯಲ್ಲಿ ಇರಬೇಕಾದದ್ದು ಆ ಕೋಷ್ಟಕ.