ಹಡಗಿನ ಟೂರ್‌ಗೆ ಹೊರಟಿದ್ದೀರಾ? ಸವಳಂಗದಲ್ಲಿ ಬಸ್ ಹತ್ತೋ ಮುಂಚೆ ಇದನ್ನೊಮ್ಮೆ ಓದಿ

ಸವಳಂಗ: ನಮ್ಮ ಕಡೆಯವರಿಗೆ ಮೊನ್ನೆ ಮೊನ್ನೆವರೆಗೂ ಹಡಗು ಅಂದ್ರೆ ಸಿಗಂದೂರಿನ ಲಾಂಚು. ಹೊಳೆಬಾಗಿಲಲ್ಲಿ ಕಾಯೋದು, ಕಾರು ಬಸ್ಸಿನ ಸಮೇತ ಹತ್ತೋದು, ಶರಾವತಿ ಹಿನ್ನೀರು ದಾಟಿ ದೇವಿ ದರ್ಶನ ಮಾಡೋದು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆ ಆಯ್ತು. ಲಾಂಚಿಗೆ ಕಾಯೋ ಕೆಲಸ ತಪ್ಪಿತು.

ಈಗ ಬೇರೆ ಹಡಗಿನ ಮಾತು ಶುರುವಾಗಿದೆ. ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಕಾಶಿ, ರಾಮೇಶ್ವರ ಅಂತಿದ್ದವರು "ಮುಂಬೈಯಿಂದ ಹಡಗು ಹೋಗುತ್ತಂತಲ್ಲ, ಲಕ್ಷದ್ವೀಪ ತೋರಿಸ್ತಾರಂತಲ್ಲ" ಅಂತ ವಿಚಾರಿಸ್ತಿದ್ದಾರೆ. ವಾಟ್ಸಾಪ್‌ನಲ್ಲಿ ಪ್ಯಾಕೇಜ್ ಪೋಸ್ಟರ್‌ಗಳೂ ಓಡಾಡ್ತಿವೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಲಾಂಚು ತಪ್ಪಿದ್ರೆ ಮುಂದಿನ ಲಾಂಚು ಬರ್ತಿತ್ತು. ಕ್ರೂಸ್ ಹಡಗು ತಪ್ಪಿದ್ರೆ ತಪ್ಪಿತು, ಅಷ್ಟೇ.

ನಮ್ಮ ಮನೆಯಲ್ಲೇ ಆಗಿದ್ದು

ಇದನ್ನ ಬರೆಯೋಕೆ ಕಾರಣ ನಮ್ಮ ದೊಡ್ಡಪ್ಪ ದೊಡ್ಡಮ್ಮ. ಡಿಗ್ರಿ ಅರ್ಧಕ್ಕೆ ಬಿಟ್ಟು ಮನೇಲಿದ್ದವನು ನಾನು. ಹಾಗಾಗಿ ಆನ್‌ಲೈನ್ ಕೆಲಸ ಎಲ್ಲಾ ನನ್ನ ತಲೆಗೇ. ಹಡಗಿನ ಟಿಕೆಟ್ ಏಜೆಂಟ್ ಮಾಡಿಸಿದ್ರು, ಮುಂಬೈಗೆ ರಾತ್ರಿ ಬಸ್ಸು ಬುಕ್ ಮಾಡಿದ್ದು ನಾನು. ಹಡಗು ಹೊರಡೋ ದಿನವೇ ಬೆಳಿಗ್ಗೆ ಮುಂಬೈ ಮುಟ್ಟೋ ಹಾಗೆ. ಲಾಡ್ಜ್ ಖರ್ಚು ಉಳೀತು ಅಂತ ನನಗೇ ಖುಷಿ.

ಬಸ್ಸು ದಾರೀಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬಂದು ಹೊರಡೋ ಹೊತ್ತಿಗೆ ಬಿಸಿಲೇರಿತ್ತು. ಮುಂಬೈ ಟ್ರಾಫಿಕ್ ದಾಟಿ ಬಂದರು ಮುಟ್ಟಿದಾಗ ಹಡಗು ಇನ್ನೂ ಅಲ್ಲೇ ನಿಂತಿತ್ತಂತೆ. ಆದ್ರೆ ಹತ್ತಿಸಿಕೊಳ್ಳೋ ಸಮಯ ಮುಗಿದಿತ್ತು, ಒಳಗೆ ಬಿಡಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ. ತಡವಾಗಿ ಬಂದ್ರೆ ಹಣ ಕೊಡಲ್ಲ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಇತ್ತು. ಓದದೇ ಇದ್ದದ್ದು ನಾವು.

ದೊಡ್ಡಪ್ಪ ನನಗೊಂದು ಮಾತೂ ಬೈಯಲಿಲ್ಲ. "ಸಮುದ್ರ ನೋಡಿದ್ವಲ್ಲ ಬಿಡೋ" ಅಂದ್ರು ದೊಡ್ಡಮ್ಮ. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು. ಅವತ್ತಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೀನಿ, ಹೋಗಿ ಬಂದವರನ್ನೂ ಕೇಳಿದ್ದೀನಿ. ಅದರ ಸಾರ ಇಲ್ಲಿದೆ.

ಯಾವ ಹಡಗು, ಎಲ್ಲಿಂದ?

ಮುಖ್ಯವಾಗಿ ಎರಡು ದಾರಿ.

ಒಂದು, ಖಾಸಗಿ ಹಡಗು. ಕಾರ್ಡೀಲಿಯಾ ಕ್ರೂಸಸ್ 2021ರ ಸೆಪ್ಟೆಂಬರ್‌ನಿಂದ 'ಎಂಪ್ರೆಸ್' ಅನ್ನೋ ಹಡಗನ್ನ ಓಡಿಸ್ತಿದೆ. 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ ಹಡಗು, ಹನ್ನೊಂದು ಅಂತಸ್ತು, ಸುಮಾರು 1,800 ಪ್ರಯಾಣಿಕರಿಗೆ ಜಾಗ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಎರಡರಿಂದ ಐದು ರಾತ್ರಿಯ ಪ್ರಯಾಣಗಳು ಇರ್ತವೆ. ಮುಂಗಾರಲ್ಲಿ ಅರಬ್ಬಿ ಸಮುದ್ರ ಒರಟು, ಆಗ ಹಡಗನ್ನ ಚೆನ್ನೈ ಕಡೆಗೆ ಕಳಿಸೋದೂ ಉಂಟು. ಮುಂಬೈಯ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಗಿದೆ. ಬ್ಯಾಲಾರ್ಡ್ ಪಿಯರ್ ಹತ್ತಿರ, ಸಿಎಸ್‌ಎಂಟಿ ಸ್ಟೇಷನ್‌ನಿಂದ ದೂರ ಇಲ್ಲ.

ಎರಡು, ಸರ್ಕಾರಿ ದಾರಿ. ಲಕ್ಷದ್ವೀಪ ಆಡಳಿತದ 'ಸ್ಪೋರ್ಟ್ಸ್' ಅನ್ನೋ ಪ್ರವಾಸೋದ್ಯಮ ಸಂಸ್ಥೆಯ 'ಸಮುದ್ರಂ' ಪ್ಯಾಕೇಜ್. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪ ನೋಡೋದು, ರಾತ್ರಿ ಹಡಗಲ್ಲೇ ಮಲಗೋದು. ಈಜುಕೊಳ, ಡ್ಯಾನ್ಸ್ ಶೋ ಅಂತ ಹೋಗೋರಿಗೆ ಇದಲ್ಲ, ದ್ವೀಪ ನೋಡೋಕೆ ಹೋಗೋರಿಗೆ. ಸಂಸ್ಥೆಯ ಕಚೇರಿ ಕೊಚ್ಚಿಯ ವಿಲಿಂಗ್ಡನ್ ಐಲ್ಯಾಂಡ್‌ನಲ್ಲಿದೆ. ಮಳೆಗಾಲ ಬಿಟ್ಟು ಹೊರಡೋ ದಿನಾಂಕಗಳನ್ನ ಅಲ್ಲೇ ವಿಚಾರಿಸಬೇಕು.

ಅಂದಹಾಗೆ, ಲಕ್ಷದ್ವೀಪ ನಮಗೆ ಪೂರ್ತಿ ಹೊರಗಿನದ್ದೇನಲ್ಲ. ಅಮಿನಿ, ಕಡಮತ್, ಕಿಲ್ತಾನ್ ಇರೋ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತ ನಡೀತಿದ್ದದ್ದು ಮಂಗಳೂರಿಂದ.

ಒಂದು ದಿನ ಮುಂಚೆ ಹೋಗಿ. ಇದು ಮೊದಲನೇ ನಿಯಮ

ಹಡಗು ಹೊರಡೋ ಸಮಯ ಬೇರೆ, ಹತ್ತೋದು ಮುಗಿಯೋ ಸಮಯ ಬೇರೆ. ಹೊರಡೋದಕ್ಕೆ ಒಂದೆರಡು ಗಂಟೆ ಮುಂಚೆಯೇ ಗೇಟು ಮುಚ್ಚುತ್ತೆ. ಟಿಕೆಟ್ಟಿನಲ್ಲಿ ಎರಡನೇ ಸಮಯ ಯಾವುದು ಅಂತ ಹುಡುಕಿ, ಅದಕ್ಕೆ ಗೆರೆ ಹಾಕಿ ಇಟ್ಕೊಳ್ಳಿ.

ಸವಳಂಗದಿಂದ ಮುಂಬೈಗೆ ರೈಲು ಬೇಕಂದ್ರೆ ದಾವಣಗೆರೆ ಅನುಕೂಲ. ದಾದರ್‌ಗೆ ಹೋಗೋ ರೈಲುಗಳು ಅಲ್ಲಿ ನಿಲ್ತವೆ. ಆದ್ರೆ ಎಲ್ಲಾ ದಿನ ಒಂದೇ ರೈಲಲ್ಲ, ದಿನಕ್ಕೆ ತಕ್ಕಂತೆ ಹೆಸರೂ ಸಮಯವೂ ಬದಲಾಗುತ್ತೆ. ಬುಕ್ ಮಾಡೋ ಮುಂಚೆ ವಾರ ನೋಡಿ. ಕೊಚ್ಚಿಗಾದ್ರೆ ಶಿವಮೊಗ್ಗದಿಂದ ಮಂಗಳೂರಿಗೆ ಬಸ್ಸು, ಅಲ್ಲಿಂದ ಎರ್ನಾಕುಲಂಗೆ ರೈಲು. ಮಳೆ ಇದ್ರೆ ಘಾಟಿ ರಸ್ತೆ ಯಾವಾಗ ಕೈಕೊಡುತ್ತೋ ಗೊತ್ತಿಲ್ಲ, ನಮಗೆ ಹೇಳಿಕೊಡಬೇಕಾ?

ಎಲ್ಲಿಗಾದ್ರೂ ಸರಿ, ಹಿಂದಿನ ದಿನ ಸಂಜೆಗೆ ಆ ಊರಲ್ಲಿರಿ. ಒಂದು ರಾತ್ರಿ ರೂಮಿನ ದುಡ್ಡು ಉಳಿಸೋಕೆ ಹೋಗಿ ನಾವು ಕಳ್ಕೊಂಡಿದ್ದು ಇಡೀ ಟೂರಿನ ದುಡ್ಡು.

ಕಾಗದ ಪತ್ರ: ಕರೆಯೋ ಹೆಸರು ಬೇಡ, ಆಧಾರ್ ಹೆಸರು ಬೇಕು

ನಮ್ಮೂರಲ್ಲಿ ಕರೆಯೋದು ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ವೋಟರ್ ಐಡಿಯಲ್ಲಿ ಮತ್ತೊಂದು. ಟಿಕೆಟ್ಟಿನ ಹೆಸರು, ತಗೊಂಡು ಹೋಗೋ ಗುರುತಿನ ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒರಿಜಿನಲ್ ಕಾರ್ಡೇ ಬೇಕು, ಜೆರಾಕ್ಸ್ ನಂಬಿ ಹೋಗಬೇಡಿ. ಮಕ್ಕಳಿದ್ರೆ ಜನನ ಪ್ರಮಾಣಪತ್ರವೂ ಇರಲಿ.

ಲಕ್ಷದ್ವೀಪಕ್ಕೆ ಕಾಲಿಡೋಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, 1967ರಿಂದಲೇ ಈ ನಿಯಮ ಇದೆ. ಸಾಮಾನ್ಯವಾಗಿ ಪ್ಯಾಕೇಜ್ ಮಾಡೋರೇ ಮಾಡಿಸಿಕೊಡ್ತಾರೆ. "ನಮ್ಮ ಪರ್ಮಿಟ್ ಯಾರು ಮಾಡಿಸ್ತಾರೆ, ಯಾವತ್ತೊಳಗೆ ಕಾಗದ ಕೊಡಬೇಕು" ಅಂತ ಬಾಯಿಬಿಟ್ಟು ಕೇಳಿ. ಶ್ರೀಲಂಕಾ ಥರದ ಹೊರದೇಶಕ್ಕೆ ಹೋಗೋ ಹಡಗಾದ್ರೆ ಪಾಸ್‌ಪೋರ್ಟ್ ಬೇಕು, ಅದರ ಅವಧಿ ಕಡಿಮೆ ಅಂದ್ರೂ ಆರು ತಿಂಗಳು ಬಾಕಿ ಇರಬೇಕು.

ಪೋಸ್ಟರ್‌ನಲ್ಲಿರೋ ದರ ಪೂರ್ತಿ ದರ ಅಲ್ಲ

ಪೋಸ್ಟರ್ ದರ ಸಾಮಾನ್ಯವಾಗಿ ಒಬ್ಬರಿಗೆ, ಅದೂ ಇಬ್ಬರು ಒಂದೇ ರೂಮಿನಲ್ಲಿ ಇದ್ರೆ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ಸೇವಾ ಶುಲ್ಕ ಸೇರುತ್ತೆ. ಊಟ ದರದಲ್ಲೇ ಇರುತ್ತೆ, ಆದ್ರೆ ಕೆಲವು ವಿಶೇಷ ಹೋಟೆಲು, ಕೂಲ್‌ಡ್ರಿಂಕ್ಸು, ಇಂಟರ್ನೆಟ್ಟು, ದ್ವೀಪ ಸುತ್ತಿಸೋ ಟೂರು ಇವಕ್ಕೆ ಬೇರೆ ದುಡ್ಡು. "ಎಲ್ಲಾ ಸೇರಿ ಕೊನೆಗೆ ಎಷ್ಟು" ಅಂತ ಕೇಳಿ ಬರೆಸಿಕೊಳ್ಳಿ.

ರೂಮಿನಲ್ಲಿ ಕಿಟಕಿನೇ ಇಲ್ಲದ್ದು, ಕಿಟಕಿ ಇರೋದು, ಬಾಲ್ಕನಿ ಇರೋದು ಅಂತ ವಿಧ ಇದೆ. ಅಗ್ಗದ್ದು ಕಿಟಕಿ ಇಲ್ಲದ್ದು. ಅದರಲ್ಲಿ ಮಲಗೋಕೆ ತೊಂದರೆ ಇಲ್ಲ, ಆದ್ರೆ ಒಳಗೆ ಹೋದ ಮೇಲೆ "ಸಮುದ್ರ ಎಲ್ಲಿ?" ಅಂತ ಜಗಳ ಬೇಡ. ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ರೂಮು ಅಲ್ಲಾಡೋದು ಕಡಿಮೆ.

ಏಜೆಂಟ್ ಮೂಲಕ ಹೋಗೋದಾದ್ರೆ ಬುಕಿಂಗ್ ನಂಬರ್ ತಗೊಂಡು ಹಡಗಿನ ಕಂಪನಿಗೇ ನೇರ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ. ಪೂರ್ತಿ ಹಣ ಕ್ಯಾಶ್ ಕೊಡಬೇಡಿ, ರಸೀದಿ ಇಟ್ಕೊಳ್ಳಿ. ರದ್ದು ಮಾಡಿದ್ರೆ ಎಷ್ಟು ಬರುತ್ತೆ ಅನ್ನೋದು ಬರವಣಿಗೆಯಲ್ಲಿ ಬೇಕು. ಮೋಸ ಆಗಿದೆ ಅನ್ನಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದಾವಣಗೆರೆಯಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ವಿಮಾನ ನಿಲ್ದಾಣದ ಹಾಗೆ ಇಲ್ಲೂ ಚೀಲ ತಪಾಸಣೆ ಮಾಡ್ತಾರೆ. ಚಾಕು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸೋ ಕೆಟಲ್ಲು, ಮದ್ಯ ಬಿಡಲ್ಲ. ನಮ್ಮ ಹಿರಿಯರಿಗೆ ವಿಶೇಷ ಸೂಚನೆ: ಅಡಕತ್ತರಿ ಮನೇಲಿ ಬಿಡಿ. ಎಲೆ ಅಡಿಕೆ ಅಭ್ಯಾಸ ಇರೋರು ಕತ್ತರಿಸಿದ ಅಡಿಕೆ ಬಿಡ್ತಾರಾ ಅಂತ ಮೊದಲೇ ಕೇಳ್ಕೊಳ್ಳಿ. ಬಿಟ್ರೂ ಹಡಗಿನ ಡೆಕ್ಕಿನಿಂದ ಉಗಿಯೋ ಹಾಗಿಲ್ಲ. ರೊಟ್ಟಿ ಬುತ್ತಿ ಕಟ್ಕೊಂಡ್ರೂ ಬಾಗಿಲಲ್ಲೇ ಇಡಿಸ್ಕೊಬಹುದು.

ದೊಡ್ಡ ಚೀಲವನ್ನ ಅವರೇ ತಗೊಂಡು ರೂಮಿಗೆ ತಲುಪಿಸ್ತಾರೆ, ಅದು ಬರೋಕೆ ಗಂಟೆಗಟ್ಟಲೆ ಆಗುತ್ತೆ. ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಾತ್ರೆ ಎರಡು ದಿನದ್ದು ಹೆಚ್ಚಿಗೆ ಇಟ್ಕೊಳ್ಳಿ.

ತಲೆ ಸುತ್ತು, ವಾಂತಿ

ಆಗುಂಬೆ ಘಾಟಿಯಲ್ಲಿ ವಾಂತಿ ಮಾಡೋರಿಗೆ ಸಮುದ್ರದಲ್ಲೂ ಆಗಬಹುದು. ಹೊಟ್ಟೆ ಖಾಲಿ ಬಿಡಬೇಡಿ, ಗಂಟಲವರೆಗೂ ತಿನ್ನಬೇಡಿ. ರೂಮಿನಲ್ಲಿ ಮುದುಡಿ ಮಲಗೋದಕ್ಕಿಂತ ಗಾಳಿ ಇರೋ ಡೆಕ್ಕಿಗೆ ಬಂದು ನೀರು ಆಕಾಶ ಸೇರೋ ಗೆರೆ ನೋಡ್ತಾ ಕೂರಿ. ಮೊಬೈಲ್ ನೋಡೋದು ಬಿಡಿ. ವಾಂತಿ ಮಾತ್ರೆಯನ್ನ ಹೊರಡೋ ಮುಂಚೆಯೇ ನಿಮ್ಮ ಮಾಮೂಲಿ ಡಾಕ್ಟರ್ ಹತ್ರ ಕೇಳಿ ತಗೊಳ್ಳಿ. ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರೆ ಇರೋರಿಗೆ ಕೆಲವು ಮಾತ್ರೆ ಆಗಲ್ಲ.

ಹಡಗಿನಲ್ಲಿ ಡಾಕ್ಟರ್ ಇರ್ತಾರೆ, ಆದ್ರೆ ದೊಡ್ಡ ಆಸ್ಪತ್ರೆ ಇರಲ್ಲ. ಇತ್ತೀಚೆಗೆ ಆಪರೇಷನ್ ಆದವರು, ಎದೆನೋವು ಇರೋರು ಡಾಕ್ಟರ್ ಒಪ್ಪಿಗೆ ಇಲ್ಲದೆ ಹೊರಡಬೇಡಿ. ಗರ್ಭಿಣಿಯರಿಗೆ ಬಹುತೇಕ ಹಡಗುಗಳಲ್ಲಿ 24 ವಾರ ದಾಟಿದ್ರೆ ಪ್ರವೇಶ ಇಲ್ಲ.

ಫೋನು, ಫೋನ್‌ಪೇ ನಂಬಬೇಡಿ

ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲ. ಆಮೇಲೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದ್ರೆ ಬಿಲ್ಲು ನೋಡಿ ತಲೆ ತಿರುಗುತ್ತೆ. ಹಡಗು ಹೊರಟ ಕೂಡಲೇ ಫ್ಲೈಟ್ ಮೋಡ್‌ಗೆ ಹಾಕಿ. ನೆಟ್ಟಿಲ್ಲ ಅಂದ್ರೆ ಯುಪಿಐ ಇಲ್ಲ. ಕಾರ್ಡು, ಸ್ವಲ್ಪ ಕ್ಯಾಶು ಎರಡೂ ಇರಲಿ. ಮನೆಯವರಿಗೆ "ಎರಡು ದಿನ ಫೋನ್ ಸಿಗಲ್ಲ, ಗಾಬರಿ ಆಗಬೇಡಿ" ಅಂತ ಹೇಳಿ ಹೋಗಿ.

ಲೈಫ್ ಜಾಕೆಟ್ ಪಾಠಕ್ಕೆ ತಪ್ಪಿಸ್ಕೊಬೇಡಿ

ಹಡಗು ಹೊರಡೋ ಹೊತ್ತಿಗೆ ಎಲ್ಲರನ್ನೂ ಕರೆದು ಅಪಾಯ ಬಂದ್ರೆ ಎಲ್ಲಿ ಸೇರಬೇಕು, ಜಾಕೆಟ್ ಹೇಗೆ ಹಾಕಬೇಕು ಅಂತ ತೋರಿಸ್ತಾರೆ. ಊಟದ ಹೊತ್ತು ಅಂತ ತಪ್ಪಿಸ್ಕೊಳ್ಳೋರು ಇದ್ದಾರೆ. 2012ರ ಜನವರಿಯಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದ್ದ ನೂರಾರು ಜನಕ್ಕೆ ಆ ಪಾಠ ಇನ್ನೂ ಆಗಿರಲಿಲ್ಲ. ಅದಾದ ಮೇಲೆ ಅಂತರರಾಷ್ಟ್ರೀಯ ನಿಯಮವೇ ಬದಲಾಗಿ, ಹಡಗು ಹೊರಡೋ ಮುಂಚೆ ಅಥವಾ ಹೊರಟ ಕೂಡಲೇ ಪಾಠ ಆಗಲೇಬೇಕು ಅಂತಾಯ್ತು.

ನೆನಪಿಡಿ: ಏಳು ಚಿಕ್ಕ ಸೈರನ್, ಆಮೇಲೆ ಒಂದು ಉದ್ದ ಸೈರನ್ ಕೇಳಿದ್ರೆ ಅಪಾಯ ಅಂತ. ರೂಮಿಗೆ ಚಿನ್ನ ತರೋಕೆ ಓಡಬೇಡಿ, ಹೇಳಿದ ಜಾಗಕ್ಕೆ ಹೋಗಿ.

ದ್ವೀಪದಲ್ಲಿ ಇಳಿಯೋವಾಗ

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಸಾಮಾನ್ಯವಾಗಿ ದಡಕ್ಕೆ ಬರಲ್ಲ. ಸಮುದ್ರದಲ್ಲೇ ನಿಂತು ಚಿಕ್ಕ ದೋಣಿಗೆ ಇಳಿಸ್ತಾರೆ. ದೋಣಿ ಮೇಲೆ ಕೆಳಗೆ ಆಡ್ತಾ ಇರುತ್ತೆ. ಮಂಡಿ ನೋವಿರೋರಿಗೆ ಇದೇ ಕಷ್ಟದ ಜಾಗ. ಸಿಬ್ಬಂದಿ ಕೈ ಹಿಡೀತಾರೆ, ಅವರು "ಈಗ" ಅಂದಾಗ ಮಾತ್ರ ಕಾಲಿಡಿ. ಸೀರೆ, ಪಂಚೆಗಿಂತ ಕಾಲಿಗೆ ಸಿಕ್ಕದ ಬಟ್ಟೆ, ಜಾರದ ಚಪ್ಪಲಿ ಒಳ್ಳೇದು. ಗಾಳಿ ಜಾಸ್ತಿ ಇದ್ರೆ ದ್ವೀಪ ಇಳಿಸೋದನ್ನೇ ರದ್ದು ಮಾಡ್ತಾರೆ, ಆಗ ಜಗಳ ಮಾಡಿ ಫಲ ಇಲ್ಲ.

ದಡದಲ್ಲಿ ಬಿದ್ದಿದ್ರೂ ಹವಳ ತರಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬಂಗಾರಂ ಬಿಟ್ಟು ಉಳಿದ ದ್ವೀಪಗಳಲ್ಲಿ ಮದ್ಯ ನಿಷೇಧ.

ವಾಪಸ್ ಹತ್ತೋ ಸಮಯ ಬರೆದಿಟ್ಕೊಳ್ಳಿ. ನಮ್ಮ ನವ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಬರ್ತವೆ. ಅವರು ಬೆಳಿಗ್ಗೆ ಇಳಿದು ಮೂಡುಬಿದಿರೆ, ಕಾರ್ಕಳ ನೋಡಿ ಹೇಳಿದ ಹೊತ್ತಿಗೆ ವಾಪಸ್ ಇರ್ತಾರೆ. ಹಡಗು ಯಾರಿಗೂ ಕಾಯಲ್ಲ ಅಂತ ಅವರಿಗೆ ಗೊತ್ತು.

ಕೊನೆಗೆ

ದೊಡ್ಡಪ್ಪ ದೊಡ್ಡಮ್ಮನ್ನ ಈ ಸಲ ಮತ್ತೆ ಒಪ್ಪಿಸಿದ್ದೀನಿ. ದೊಡ್ಡಪ್ಪ ಮೊದಲು ಬೇಡ ಅಂದ್ರು, ಆಮೇಲೆ "ನೀನೂ ಬರೋದಾದ್ರೆ ನೋಡೋಣ" ಅಂದ್ರು. ಒಂದು ದಿನ ಮುಂಚೆಗೇ ಟಿಕೆಟ್ ಮಾಡ್ತಿದ್ದೀನಿ, ರೂಮೂ ನೋಡಿದ್ದೀನಿ. ಷರತ್ತುಗಳನ್ನ ಕೂತು ಪೂರ್ತಿ ಓದಿ ಹೇಳಿದ್ದೂ ಆಯ್ತು.

ನಿಮ್ಮ ಮನೆಯಲ್ಲೂ ಹಿರಿಯರು ಹೊರಟಿದ್ರೆ ಇದನ್ನ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಪಕ್ಕ ಕೂತು ಓದಿ ಹೇಳಿ.